ಚುಟುಕ ಬೇರೆ, ಚುಟುಕು ಬೇರೆ

ಇಪ್ಪತ್ತು ಓವರುಗಳ ಪಂದ್ಯಕ್ಕೆ ನಮ್ಮ ಪತ್ರಿಕೆಗಳ ಕ್ರೀಡಾಪುಟ ಇಟ್ಟ ಹೆಸರು 'ಚುಟುಕು ಕ್ರಿಕೆಟ್'. 2007ರಲ್ಲಿ ಮೊದಲ ವಿಶ್ವಕಪ್ ನಡೆದು, ಮರುವರ್ಷ ಐಪಿಎಲ್ ಶುರುವಾದ ಮೇಲೆ ಆ ಹೆಸರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಇವತ್ತಿನ ಹೈಸ್ಕೂಲು ಹುಡುಗನಿಗೆ ಚುಟುಕು ಎಂದೊಡನೆ ನೆನಪಾಗುವುದು ಸಿಕ್ಸರೇ ಹೊರತು ಪದ್ಯವಲ್ಲ. ಎರಡೂ ಕಡೆ ಸೇರಿ 240 ಎಸೆತ, ಮೂರು ಗಂಟೆಗೂ ಮೀರಿದ ಆಟ ಯಾವ ಲೆಕ್ಕದಲ್ಲಿ ಚುಟುಕು ಎಂದು ಕೇಳಬೇಡಿ. ಐದು ದಿನದ ಟೆಸ್ಟ್ ಪಕ್ಕದಲ್ಲಿ ನಿಂತಾಗ ಅದು ಚುಟುಕೇ. ಸುದ್ದಿವಾಹಿನಿಗಳಿಗೆ ಚುಟುಕು ಸುದ್ದಿ ಇದೆ, ಸಭೆಗಳಿಗೆ ಚುಟುಕು ಭಾಷಣ ಇದೆ, ನಿರೂಪಕರ ಬಾಯಲ್ಲಿ 'ಚುಟುಕಾಗಿ ಹೇಳಿ ಸಾರ್' ಎಂಬ ಕೋರಿಕೆ ಇದೆ. ಇವೆಲ್ಲದರ ನಡುವೆ, ಭಾನುವಾರದ ಪುರವಣಿಯ ಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಪುಟ್ಟ ಪದ್ಯ ಕೂತಿರುತ್ತದಲ್ಲ, ಅದರ ಹೆಸರು 'ಚುಟುಕ'. ಒಂದು ಗುಣವಾಚಕ, ಇನ್ನೊಂದು ನಾಮಪದ. ಕೊನೆಯ ಒಂದು ಸ್ವರದಷ್ಟು ವ್ಯತ್ಯಾಸ. ಚುಟುಕ, ಚುಟುಕು, ಚುಟಕ ಎಂದು ಮೂರೂ ರೂಪಗಳನ್ನು ಜನ ಯಾವ ಭೇದವೂ ಇಲ್ಲದೆ ಬಳಸುತ್ತಾರೆ, ಬಳಸಲಿ. ಕಾಗುಣಿತದ ಜಗಳ ನನಗೆ ಬೇಕಿಲ್ಲ. ಆದರೆ ಗುಣವಾಚಕ ನಾಮಪದವನ್ನು ನುಂಗಿಹಾಕುತ್ತಿದೆ, ಅದರಿಂದ ಬರೆಯುವವರ ಸುಖ ಕಡಿಮೆಯಾಗುತ್ತಿದೆ ಎಂಬುದು ನನ್ನ ತಕರಾರು. ಗಿಡ್ಡವಾಗಿದ್ದರೆ ಸಾಕು, ಚುಟುಕವಾಯಿತು ಎಂಬ ನಂಬಿಕೆ ಬೆಳೆದಿದೆ. ಗಿಡ್ಡತನ ಚುಟುಕದ ಗುರಿಯಲ್ಲ, ಅದರ ಪರಿಣಾಮ.

ಕನ್ನಡದಲ್ಲಿ ಉದ್ದವಿಲ್ಲದ್ದನ್ನು ಹೇಳಲು ಪದಗಳಿಗೇನೂ ಬರವಿಲ್ಲ. ಗಿಡ್ಡ ಎಂದರೆ ಹುಟ್ಟಿನಿಂದಲೇ ಹಾಗಿದ್ದದ್ದು. ಮೋಟು ಎಂದರೆ ಇರಬೇಕಾದ್ದು ಇಲ್ಲವಾದದ್ದು: ಮೋಟು ಗೋಡೆ, ಮೋಟು ಪೊರಕೆ, ಮೋಟು ಬೀಡಿ. ತುಂಡು ಎಂದರೆ ದೊಡ್ಡದೊಂದರಿಂದ ಕತ್ತರಿಸಿಕೊಂಡದ್ದು. ಚುಟುಕು ಈ ಮೂರಕ್ಕೂ ಸೇರುವುದಿಲ್ಲ. ಅದರಲ್ಲಿ ಕೊರತೆಯ ಧ್ವನಿ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದು, ಮಾಡಿ ಮುಗಿಸಿದ್ದು ಎಂಬ ಧ್ವನಿ ಇದೆ. ಮೋಟು ಪದ್ಯ ಎಂದರೆ ಕವಿ ಸಿಟ್ಟಾಗುತ್ತಾನೆ, ಚುಟುಕ ಎಂದರೆ ಬೀಗುತ್ತಾನೆ. ಪದದ ವ್ಯುತ್ಪತ್ತಿ ಹುಡುಕುವ ಕೆಲಸವನ್ನು ನಿಘಂಟುಕಾರರಿಗೆ ಬಿಟ್ಟು ಬರೀ ಕಿವಿಯಿಂದ ಕೇಳಿದರೂ, ಅದರ ನೆರೆಹೊರೆಯಲ್ಲಿ ಯಾರಿದ್ದಾರೆ ನೋಡಿ: ಚಿಟಿಕೆ, ಚಿವುಟು, ಚುಚ್ಚು, ಚುರುಕು. ಹಿಂದಿಯಲ್ಲಿ ಚುಟ್ಕಿ ಎಂದರೆ ಚಿಟಿಕೆ, ಚುಟ್ಕುಲಾ ಎಂದರೆ ನಗೆಮಾತು. ಎಲ್ಲವೂ ಹೆಬ್ಬೆರಳು ತೋರುಬೆರಳು ಸೇರಿ ಮಾಡುವ ಕೆಲಸಗಳ ಸುತ್ತ ಸುಳಿಯುತ್ತವೆ. ಚಿಟಿಕೆ ಉಪ್ಪಿನ ಮಹತ್ವ ಅದರ ಅಳತೆಯಲ್ಲಿಲ್ಲ, ಅದು ಹೋಗಿ ಬಿದ್ದ ಸಾರಿನಲ್ಲಿದೆ. ಇದಕ್ಕೆ ಹೋಲಿಸಿದರೆ, ಆಮೇಲೆ ಬಂದ 'ಹನಿಗವನ' ಎಂಬ ಹೆಸರು ಮೃದು. ಹನಿ ಒದ್ದೆ ಮಾಡುತ್ತದೆ, ಚಿವುಟುವುದಿಲ್ಲ. ಆದರೂ ಡುಂಡಿರಾಜರಂಥವರು ಪದಗಳನ್ನು ಒಡೆದು ಕೂಡಿಸಿ ಶ್ಲೇಷೆಯಲ್ಲಿ ಕಚಗುಳಿ ಇಡುವುದನ್ನು ಹನಿಗವನ ಎಂಬ ಹೆಸರಿನಲ್ಲೇ ಮಾಡಿ ತೋರಿಸಿದ್ದಾರೆ. ಹೆಸರು ಹನಿಯಾದರೂ ಕೆಲಸ ಚಿವುಟುವುದೇ.

ನನ್ನ ವಾದಕ್ಕೆ ಸಾಕ್ಷಿ ಬೇಕಲ್ಲ, ಒಂದನ್ನು ಇಲ್ಲೇ ಕಟ್ಟಿ ಬಿಚ್ಚಿ ನೋಡೋಣ. 'ಡಾಕ್ಟರ ಫೀಸು ದುಬಾರಿಯೆಂದು ಹೋಗುವುದನ್ನು ನಿಲ್ಲಿಸಿದೆ.' ಐದೇ ಪದ. ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ. ಆದರೆ ಇದನ್ನು ಕೇಳಿ ಯಾರೂ ನಗುವುದಿಲ್ಲ, ಹೆಚ್ಚೆಂದರೆ ಯಾವ ಡಾಕ್ಟರು ಎಂದು ವಿಚಾರಿಸುತ್ತಾರೆ. ಈಗ ಇದನ್ನೇ ಉದ್ದ ಮಾಡೋಣ:

ಸಕ್ಕರೆ ಬಿಡಿ ಎಂದರು ಡಾಕ್ಟರು, ಬಿಟ್ಟೆ;
ಉಪ್ಪು ಹಪ್ಪಳ ತುಪ್ಪ ಕೂಡ ಬಿಟ್ಟುಕೊಟ್ಟೆ;
ನಾಲಗೆ ಸಾಯಲಿ, ಬದುಕಿಕೊಳ್ಳಲಿ ಹೊಟ್ಟೆ;
ಬಿಲ್ಲು ನೋಡಿದ ದಿನ ಡಾಕ್ಟರನ್ನೇ ಬಿಟ್ಟೆ.

ಐದು ಪದದ ಸಂಗತಿ ಮೂರು ಪಟ್ಟಿಗೂ ಹೆಚ್ಚು ಬೆಳೆಯಿತು, ಬೆಳೆದ ಮೇಲೆಯೇ ಚುಟುಕವಾಯಿತು. ಇದು ಮಹಾ ಚುಟುಕವೆಂದು ನಾನು ಹೇಳುತ್ತಿಲ್ಲ, ಕೆಲಸ ಮಾಡುವ ಬಗೆ ಕಂಡರೆ ಸಾಕು. ಮೊದಲ ಎರಡು ಸಾಲು 'ಬಿಡು' ಎಂಬ ಕ್ರಿಯಾಪದವನ್ನು ಒಂದೇ ಅರ್ಥದಲ್ಲಿ ಕೇಳುಗನ ಕಿವಿಯಲ್ಲಿ ಕೂರಿಸುತ್ತವೆ: ತಿನ್ನುವುದನ್ನು ಬಿಡುವುದು. ಮೂರನೆಯ ಸಾಲಿಗೆ ಕತೆಯಲ್ಲಿ ಏನೂ ಕೆಲಸವಿಲ್ಲ, ಇದ್ದದ್ದೆಲ್ಲ ಕಾಯಿಸುವ ಕೆಲಸ. ಅದನ್ನು ತೆಗೆದು ಓದಿ, ನಾಲ್ಕನೆಯ ಸಾಲು ಅವಸರದಲ್ಲಿ ಬಂದು ಮುಗ್ಗರಿಸುತ್ತದೆ. ಪಥ್ಯ ಮಾಡುವ ವಿಧೇಯ ರೋಗಿಯ ಚಿತ್ರ ಅಲ್ಲಿಯವರೆಗೆ ಗಟ್ಟಿಯಾದಷ್ಟೂ, ಕೊನೆಯಲ್ಲಿ ಅವನು ಬಿಟ್ಟದ್ದು ಏನು ಎಂಬುದು ಹೆಚ್ಚು ಕಚಗುಳಿಯಿಡುತ್ತದೆ. 'ಬಿಲ್ಲು' ಎಂಬ ಪದವನ್ನು ಎರಡನೆಯ ಸಾಲಿಗೆ ತಂದುಬಿಟ್ಟರೆ ಆಟವೇ ಮುಗಿಯಿತು. ಅಂದರೆ ಬರೆಯುವವನ ಶ್ರಮವೆಲ್ಲ ಹೋಗಿದ್ದು ಕಡಿಮೆ ಮಾಡುವುದಕ್ಕಲ್ಲ. ಯಾವುದನ್ನು ಎಲ್ಲಿಯವರೆಗೆ ಬಚ್ಚಿಡಬೇಕು ಎಂಬುದಕ್ಕೆ. ಚುಟುಕ ಬರೆಯುವ ಸುಖ ಇಲ್ಲಿದೆ ಎಂದು ನನಗೆ ತೋರುತ್ತದೆ. ಓದುಗ ಒಂದು ಕಡೆ ನಡೆಯುತ್ತಿದ್ದಾನೆ, ಅವನ ದಾರಿ ಎಲ್ಲಿ ತಿರುಗುತ್ತದೆಂದು ನಮಗೆ ಮಾತ್ರ ಗೊತ್ತಿದೆ.

ಇಂಥ ತಿರುವಿಗೆ ಕನ್ನಡ ಹೇಳಿ ಮಾಡಿಸಿದ ಭಾಷೆ. ನಮ್ಮ ವಾಕ್ಯ ಕ್ರಿಯಾಪದವನ್ನು ಕೊನೆಯವರೆಗೆ ಕೈಯಲ್ಲೇ ಹಿಡಿದುಕೊಂಡಿರುತ್ತದೆ. ಹೌದೋ ಅಲ್ಲವೋ, ಉಂಟೋ ಇಲ್ಲವೋ ಎಂಬುದೂ ಗೊತ್ತಾಗುವುದು ಕೊನೆಗೇ. 'ಅವರು ದಾನ ಕೊಟ್ಟಿದ್ದನ್ನು ಊರೆಲ್ಲ ನೋಡಿದೆ, ತೆಗೆದುಕೊಂಡವನನ್ನು ಮಾತ್ರ ಯಾರೂ ನೋಡಿಲ್ಲ' ಎಂದಾಗ ಕೊನೆಯ ಎರಡಕ್ಷರದವರೆಗೂ ದಾನಿಯ ಮರ್ಯಾದೆ ಉಳಿದಿರುತ್ತದೆ. ಈ ಸೌಲಭ್ಯವನ್ನು ಕನ್ನಡಿಗರು ಇವತ್ತು ಕಂಡುಕೊಂಡದ್ದಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳನ್ನು ಒಳಗೊಂಡಿದೆ. ಒಳ್ಳೆಯವರಿಗೆ ಇವನು ಒಳ್ಳೆಯವನು ಎಂದು ಹಿತವಾಗಿ ಶುರುವಾಗುವ ಆ ಪದ್ಯ, ಕೆಣಕಿದವರಿಗೆ ಎಂಥವನು ಎಂಬಲ್ಲಿಗೆ ಬಂದು ಹುಬ್ಬು ಏರಿಸುತ್ತದೆ. ಅಲ್ಲಿಂದ ಸರ್ವಜ್ಞನವರೆಗೆ ಬಂದರೆ ಮೂರನೆಯ ಸಾಲಿನ ಕಟ್ಟೋಣ ಪೂರ್ತಿ ಪಳಗಿದೆ. ಉತ್ತಂಗಿ ಚನ್ನಪ್ಪನವರು ಊರೂರು ಸುತ್ತಿ ಕೂಡಿಸಿ 1924ರಲ್ಲಿ ಪ್ರಕಟಿಸಿದ ವಚನಗಳ ಸಂಗ್ರಹದಲ್ಲಿ ಇದನ್ನು ಪುಟಪುಟದಲ್ಲೂ ಕಾಣಬಹುದು. ಪೆಟ್ಟು ಬೀಳುವುದು ಕಟ್ಟಕಡೆಗಲ್ಲ, ಕಡೆಗಿಂತ ಒಂದು ಹೆಜ್ಜೆ ಮುಂಚೆ. ಆಮೇಲೆ ಬರುವ 'ಸರ್ವಜ್ಞ' ಎಂಬ ಅಂಕಿತ ಕೇಳಿದವನಿಗೆ ಅರಗಿಸಿಕೊಳ್ಳಲು ಬೇಕಾದ ಹೊತ್ತನ್ನು ಕೊಡುತ್ತದೆ. ಅಂಕಿತವೆಂದರೆ ಬರೀ ಸಹಿ ಎಂದುಕೊಂಡವರು ಅದನ್ನು ಗಟ್ಟಿಯಾಗಿ ಓದಿ ನೋಡಿಲ್ಲ. ಸರ್ವಜ್ಞನ ಮೇಲೆ ಸಂಶೋಧನೆ ನಡೆಸಿದ ಎಂ. ಅಕಬರ ಅಲಿ ತಾವೇ ಚುಟುಕಗಳನ್ನು ಬರೆದದ್ದು ಆಕಸ್ಮಿಕವಿರಲಾರದು. ಪತ್ರಿಕಾ ಕಚೇರಿಯಿಂದಲೂ ಇದಕ್ಕೊಬ್ಬ ಸಾಕ್ಷಿದಾರರಿದ್ದಾರೆ: ಪದಗಳ ಜೊತೆ ಆಡುವುದನ್ನೇ ಚಟ ಮಾಡಿಕೊಂಡಿದ್ದ ಸಂಪಾದಕ ವೈಎನ್ಕೆ ತಮ್ಮ ತುಣುಕು ಬರಹಕ್ಕೆ ಇಟ್ಟ ಹೆಸರು 'ಕೊನೆ ಸಿಡಿ'. ಲಕ್ಷಣಗ್ರಂಥ ಬರೆಯುವವರು ಒಂದು ಅಧ್ಯಾಯದಲ್ಲಿ ಹೇಳುವುದನ್ನು ಆ ಎರಡು ಪದ ಹೇಳಿಬಿಡುತ್ತವೆ.

ಪ್ರಾಸದ ಮಾತಿಗೆ ಬರೋಣ. ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟರು. ಕನ್ನಡ ಕಾವ್ಯ ಅದರಿಂದ ಬಿಡುಗಡೆ ಪಡೆಯಿತೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಮುಂದೆ ನವ್ಯರು ಅಂತ್ಯಪ್ರಾಸಕ್ಕೂ ಬೆನ್ನು ತಿರುಗಿಸಿದರು. ಹೀಗೆ ಕಾವ್ಯ ಒಂದೊಂದೇ ಒಡವೆ ಕಳಚುತ್ತಾ ಹೋಗುವಾಗ ಚುಟುಕ ಮಾತ್ರ ಅಂತ್ಯಪ್ರಾಸವನ್ನು ಬಿಡಲಿಲ್ಲ. ಹಳೆಯ ಕಾಲದ ಅಭ್ಯಾಸಬಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಪ್ರಾಸದ ತ್ರಾಸಕ್ಕೆ ಸಿಕ್ಕಿ ಇಲ್ಲದ ಮಾತು ಹೇಳಬೇಕಾಗುತ್ತದೆ ಎಂಬ ಆಕ್ಷೇಪಣೆಯೂ ಇದೆ. 'ಮನೆ'ಗೆ ಪ್ರಾಸ ಬೇಕೆಂದು 'ಕೊನೆ', 'ತೆನೆ', 'ಕೆನೆ' ಎಂದು ಅಲೆಯುವ ಚುಟುಕಗಳು ರಾಶಿ ರಾಶಿ ಇರುವಾಗ ಆಕ್ಷೇಪಣೆಯನ್ನು ಸುಳ್ಳೆನ್ನಲಾಗದು. ಆದರೆ ಚುಟುಕದಲ್ಲಿ ಪ್ರಾಸ ಒಡವೆಯಲ್ಲ, ಯಂತ್ರದ ಭಾಗ. ಮೊದಲ ಸಾಲಿನ ಕೊನೆಯಲ್ಲಿ ಒಂದು ಸದ್ದು ಕೇಳಿದ ಕಿವಿ ಅದೇ ಸದ್ದಿಗಾಗಿ ಕಾಯತೊಡಗುತ್ತದೆ. ಅದು ಬಂದೇ ಬರುತ್ತದೆಂಬ ನಂಬಿಕೆ ಓದುಗನಿಗೆ ಇರುವುದರಿಂದಲೇ, ಬಂದ ಸದ್ದು ಅದೇ ಆಗಿದ್ದು ಅರ್ಥ ಮಾತ್ರ ಬೇರೆಯಾದಾಗ ಅವನು ಸಿಕ್ಕಿಬೀಳುತ್ತಾನೆ. ಕಿವಿ ಹೌದೆನ್ನುವ ಹೊತ್ತಿಗೆ ಬುದ್ಧಿ ಬೆಚ್ಚುತ್ತದೆ. ಗಂಭೀರ ಕಾವ್ಯಕ್ಕೆ ಇದು ಅಡ್ಡಿಯಾಗಬಹುದು, ಚುಟುಕಕ್ಕೆ ಇದೇ ಬಂಡವಾಳ.

ಈ ಬಂಡವಾಳವನ್ನು ನಮ್ಮಲ್ಲಿ ದಿನಕರ ದೇಸಾಯಿಯವರಷ್ಟು ಧಾರಾಳವಾಗಿ ದುಡಿಸಿಕೊಂಡವರಿಲ್ಲ. ಅಂಕೋಲೆಯ ಕಡೆಯ ಈ ಮನುಷ್ಯ, 1909ರಿಂದ 1982ರವರೆಗೆ ಬದುಕಿದವರು, ಸಾಹಿತ್ಯವನ್ನೇ ಕಸುಬು ಮಾಡಿಕೊಂಡವರಲ್ಲ. ಭಾರತ ಸೇವಕ ಸಮಾಜದ ಸದಸ್ಯರು, ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಗೆ ದುಡಿದವರು, ಉತ್ತರ ಕನ್ನಡದ ಗೇಣಿದಾರರ ಪರ ನಿಂತು ಜಿಲ್ಲೆಯಿಂದ ಗಡಿಪಾರಾದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ಕಾಲೇಜು ತೆರೆದವರು, 1967ರಲ್ಲಿ ಲೋಕಸಭೆಗೆ ಆಯ್ಕೆಯಾದವರು. ಇಷ್ಟೆಲ್ಲ ಮಾಡುವವನಿಗೆ ಮಹಾಕಾವ್ಯ ಬರೆಯಲು ಪುರುಸೊತ್ತಿಲ್ಲದೆ ಚುಟುಕ ಬರೆದಿರಬೇಕು ಎಂದು ಹೇಳುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಪುರುಸೊತ್ತಿಲ್ಲದವನು ಪದ್ಯ ಬರೆಯದೆ ಸುಮ್ಮನಿರುತ್ತಾನೆ, ಸಾವಿರಗಟ್ಟಲೆ ಬರೆಯುವುದಿಲ್ಲ. 'ದಿನಕರನ ಚೌಪದಿ' ಎಂಬ ಸಂಗ್ರಹದ ಹೆಸರೇ ಹೇಳುವಂತೆ ಅವರು ಆರಿಸಿಕೊಂಡದ್ದು ಹಳೆಯ ನಾಲ್ಕು ಸಾಲಿನ ಚೌಕಟ್ಟು. ಎರಡೆರಡು ಸಾಲಿಗೊಂದು ಅಂತ್ಯಪ್ರಾಸ, ಎಲ್ಲರ ಬಾಯಿಗೆ ಹತ್ತುವ ಲಯ. ಗಡಿಯಾರದ ಮೇಲಿನ ಅವರ ಮಕ್ಕಳ ಪದ್ಯವನ್ನು ಬಾಯಿಪಾಠ ಮಾಡದ ಕನ್ನಡ ಶಾಲೆಯ ಮಗು ಬಹಳ ಕಾಲ ಇರಲಿಲ್ಲ ಎಂಬುದನ್ನು ನೆನೆದರೆ, ಬಾಯಿಗೆ ಹತ್ತುವ ಲಯದ ಮೇಲೆ ಅವರ ಕೈ ಎಷ್ಟು ಕುದುರಿತ್ತು ಗೊತ್ತಾಗುತ್ತದೆ. ಜನರ ನಡುವೆ ದುಡಿದವರಿಗೆ ಒಂದು ಮಾತು ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ಹೋಗುವಷ್ಟು ಹಗುರ ಇರಬೇಕೆಂಬುದು ಚೆನ್ನಾಗಿ ಗೊತ್ತು. ಅಧಿಕಾರದಲ್ಲಿದ್ದವರನ್ನು, ಸೋಗಲಾಡಿ ದೇಶಭಕ್ತರನ್ನು ಕೆಣಕುವಾಗ ನಾಲ್ಕನೆಯ ಸಾಲನ್ನು ಹೇಗೆ ಬಳಸಬೇಕೆಂದು ಅವರಿಗೆ ತಿಳಿದಿತ್ತು. ಕನ್ನಡಿಗರು ಅವರನ್ನು 'ಚುಟುಕ ಬ್ರಹ್ಮ' ಎಂದು ಕರೆದರು. ನಮ್ಮಲ್ಲಿ ಬಿರುದುಗಳು ಅಗ್ಗ ನಿಜ, ಇದು ಮಾತ್ರ ದುಡಿದು ಪಡೆದದ್ದು.

ಬದುಕಿನ ಬಗ್ಗೆ ಚುರುಕಾದ ಮಾತು ಹೇಳುವುದರಲ್ಲಿ ಇನ್ನೊಂದು ಸುಖವಿದೆ, ಮುಖವಾಡದ್ದು. ಬುದ್ಧಿವಂತನ ಬಾಯಿಂದ ಬುದ್ಧಿಮಾತು ಕೇಳಲು ಯಾರಿಗೂ ಇಷ್ಟವಿಲ್ಲ. ಅದಕ್ಕೇ ಡಿ.ವಿ.ಜಿ. 1943ರಲ್ಲಿ ತಮ್ಮ ಜೀವನಚಿಂತನೆಯನ್ನೆಲ್ಲ ಒಬ್ಬ ಮಂಕುತಿಮ್ಮನ ಹೆಸರಿಗೆ ಬರೆದು, ಅದಕ್ಕೆ 'ಕಗ್ಗ' ಎಂದು ಹೆಸರಿಟ್ಟರು. ಕಗ್ಗ ಎಂದರೆ ಅರ್ಥವಾಗದ ಗೋಜಲು. ಓದಿ ತಲೆದೂಗುವವರು ಈ ಹೆಸರಿನಲ್ಲಿರುವ ತುಂಟತನವನ್ನು ಗಮನಿಸುವುದು ಅಪರೂಪ. ಬೀಚಿಯವರಿಗೂ ಬೇಕಾದದ್ದು ತಿಮ್ಮನೇ, ಆದರೆ ಅವರ ತಿಮ್ಮ ಮಂಕು ಅಲ್ಲ, ಮಂಕು ನಟಿಸುವವನು. ಒಂದೇ ಅಕ್ಷರ ಅಲುಗಾಡಿಸಿ ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟವರು ಅವರು. ಆ ಹೆಸರೇ ಒಂದು ಪೂರ್ತಿ ಚುಟುಕ, ಅದಕ್ಕೆ ನಾಲ್ಕು ಸಾಲೂ ಬೇಕಾಗಲಿಲ್ಲ. ಮುಖವಾಡ ಇದ್ದಾಗ ಬರೆಯುವವನಿಗೆ ತನ್ನ ಮಾತಿಗೆ ತಾನೇ ಜವಾಬು ಕೊಡಬೇಕಿಲ್ಲ ಎಂಬ ಸಲಿಗೆ ಸಿಗುತ್ತದೆ, ಆ ಸಲಿಗೆಯಲ್ಲಿ ನಿಜ ಸಲೀಸಾಗಿ ಹೊರಬರುತ್ತದೆ.

ಇಲ್ಲಿ ದೊಡ್ಡ ಆಕ್ಷೇಪಣೆಯೊಂದು ಎದುರಾಗುತ್ತದೆ. ಚುಟುಕದ ನಿಜ ಅರೆನಿಜ. ನಾಲ್ಕು ಸಾಲಿನಲ್ಲಿ ಬದುಕನ್ನು ಹಿಡಿದಿಡುತ್ತೇನೆಂಬುದು ಜಂಭ. ಡಾಕ್ಟರರೆಲ್ಲ ದುಬಾರಿಯಲ್ಲ, ದಾನಿಗಳೆಲ್ಲ ಪ್ರಚಾರಪ್ರಿಯರಲ್ಲ. ಒಪ್ಪಿದೆ. ಆದರೆ ಈ ಆರೋಪ ಹೊರಿಸಬೇಕಾದದ್ದು ಗಾದೆಯ ಮೇಲೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಎದೆ ತಟ್ಟಿಕೊಳ್ಳುವುದು ಅದೇ. ಹಾಗೆ ತಟ್ಟಿಕೊಂಡೂ ನಿಧಾನವೇ ಪ್ರಧಾನ ಎಂದು ಒಂದು ಬಾಯಲ್ಲಿ, ಆಲಸ್ಯಂ ಅಮೃತಂ ವಿಷಂ ಎಂದು ಇನ್ನೊಂದು ಬಾಯಲ್ಲಿ ಹೇಳುವುದೂ ನಮ್ಮ ಜನವೇ. ಗಾದೆಗೆ ಬರೆದವನಿಲ್ಲ, ಹಾಗಾಗಿ ಅದು ಎಲ್ಲರ ಪರವಾಗಿ ತೀರ್ಪು ಕೊಡುತ್ತದೆ. ಚುಟುಕಕ್ಕೆ ಬರೆದವನಿದ್ದಾನೆ, ಅವನಿಗೊಂದು ಕೋನವಿದೆ, ಅವನು ಅಲ್ಲಿಂದ ನೋಡಿದ್ದನ್ನು ಹೇಳುತ್ತಾನೆ. ನೋಡಿ ನಕ್ಕ ಮೇಲೆ ಓದುಗ 'ಹಾಗೇನಿಲ್ಲ ಬಿಡಿ' ಎನ್ನಲು ಸ್ವತಂತ್ರ. ಪೂರ್ತಿ ನಿಜ ಬೇಕಾದವರಿಗೆ ವರದಿಗಳಿವೆ, ಪ್ರಬಂಧಗಳಿವೆ. ಬಗ್ಗಿ ನೋಡದ ಮೂಲೆಯತ್ತ ಒಂದು ಕ್ಷಣ ಬೆಳಕು ಬಿಟ್ಟರೆ ಚುಟುಕದ ಕೆಲಸವಾಯಿತು.

ಎರಡನೆಯ ದೂರು ಇದಕ್ಕಿಂತ ಜೋರಾಗಿದೆ: ಯಾರು ಬೇಕಾದರೂ ಬರೆಯಬಹುದು, ಬರೆಯುತ್ತಲೂ ಇದ್ದಾರೆ. ಮೊಬೈಲು ಬಂದ ಮೇಲೆ ಬೆಳಗಿನ ಶುಭೋದಯದ ಜೊತೆ ಒಂದು ನುಡಿಮುತ್ತು ಬರದ ಮನೆಯಿಲ್ಲ. ಚುಟುಕು ಸಾಹಿತ್ಯಕ್ಕೆಂದೇ ಪರಿಷತ್ತು ಇದೆ, ಜಿಲ್ಲೆ ತಾಲ್ಲೂಕು ಘಟಕಗಳಿವೆ, ಸಮ್ಮೇಳನಗಳಿವೆ. ಅಧ್ಯಕ್ಷರ ಭಾಷಣವೂ ಚುಟುಕಾಗಿರಬೇಕೆಂಬ ನಿಯಮ ಇದ್ದಂತಿಲ್ಲ. ಬರೆಯುವವರು ಹೆಚ್ಚಿದ್ದಾರೆಂಬುದು ನನಗೆ ದೂರಾಗಿ ಕಾಣುವುದಿಲ್ಲ. ಹಾಡುವವರು ಹೆಚ್ಚಿದ್ದ ಊರಲ್ಲಿ ಸಂಗೀತ ಕೆಡುವುದಿಲ್ಲ, ಬಹಳವೆಂದರೆ ಪಕ್ಕದ ಮನೆಯವರ ನಿದ್ದೆ ಕೆಡುತ್ತದೆ. ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಶುರು ಮಾಡಿದಾಗ ಹೆಸರಾಂತವರ ಜೊತೆ ಹೊಸಬರೂ ಬರೆದರು, ಆ ಪತ್ರಿಕೆಯೇ ಅವರಿಗೆ ಪಾಠಶಾಲೆಯಾಯಿತು. ಆಟೋಗಳ ಬೆನ್ನಿನ ಮೇಲೆ ಸಾಹಿತ್ಯ ಬರೆಸಿಕೊಳ್ಳುವ ಚಾಲಕನಿಗೂ ಈ ಸುಖದಲ್ಲಿ ಪಾಲಿದೆ. ಸಿಗ್ನಲ್ಲಿನಲ್ಲಿ ಹಿಂದೆ ನಿಂತವನು ನಕ್ಕದ್ದನ್ನು ಕನ್ನಡಿಯಲ್ಲಿ ನೋಡಿ ಅವನಿಗಾಗುವ ಖುಷಿ ಕವಿಗೋಷ್ಠಿಯ ಚಪ್ಪಾಳೆಗಿಂತ ಕಡಿಮೆಯದಲ್ಲ. ಹಾಗಾದರೆ ಹೆಚ್ಚಿನವು ಸಪ್ಪೆಯಾಗಿರುವುದು ಏಕೆ? ಅವರೆಲ್ಲ ಚುಟುಕವನ್ನು ಬಿಟ್ಟು ಚುಟುಕನ್ನು ಹಿಡಿದುಕೊಂಡದ್ದರಿಂದ. ತಾಯಿ ದೇವರು, ಸಮಯ ಅಮೂಲ್ಯ, ಸ್ನೇಹ ದೊಡ್ಡದು: ಇವೆಲ್ಲ ಚುಟುಕಾಗಿವೆ, ಆದರೆ ಮೊದಲ ಪದದಲ್ಲೇ ಕೊನೆಯ ಪದ ಗೊತ್ತಾಗಿಬಿಟ್ಟಿರುತ್ತದೆ.

ನಮ್ಮ ಹಾಸ್ಯದ ಮೈಮೇಲಿನ ಹಳೆಯ ಹುಣ್ಣಾದ ಹೆಂಡತಿ ಜೋಕಿಗೂ ಇದೇ ಪರೀಕ್ಷೆ ಒಡ್ಡಬಹುದು. ಹೆಂಡತಿ ಸೀರೆ ಕೇಳುತ್ತಾಳೆ, ಗಂಡ ಹೆದರುತ್ತಾನೆ, ಅತ್ತೆ ಬಂದರೆ ಮನೆ ರಣರಂಗ. ಇವು ಹೆಣ್ಣುಮಕ್ಕಳನ್ನು ಕೀಳು ಮಾಡುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಸ್ಯೋತ್ಸವಗಳ ವೇದಿಕೆ ಅದಕ್ಕೆ ಕೊಡುವ ಉತ್ತರವೂ ಸಿದ್ಧವಾಗಿದೆ: 'ತಮಾಷೆಗೆ ಹೇಳಿದ್ದು, ಸೀರಿಯಸ್ಸಾಗಿ ತಗೋಬೇಡಿ.' ತಮಾಷೆಯ ಲೆಕ್ಕದಲ್ಲೇ ತಗೊಂಡರೂ ಅದು ನಪಾಸು. ನೂರು ಸಲ ಕೇಳಿದ ತಿರುವು ತಿರುವಲ್ಲ, ನೇರ ರಸ್ತೆ. ಅಲ್ಲಿ ನಗುವವನು ಹೊಸದನ್ನು ಕಂಡು ನಗುತ್ತಿಲ್ಲ, ತನಗೆ ಮೊದಲೇ ಇದ್ದ ಅಭಿಪ್ರಾಯಕ್ಕೆ ಸೀಲು ಬಿತ್ತೆಂದು ನಗುತ್ತಿದ್ದಾನೆ. ಅದೇ ಮನೆಯ ಬಗ್ಗೆ, ಅದೇ ಸೀರೆಯ ಬಗ್ಗೆ ಹೆಂಡತಿಯ ಕಡೆಯಿಂದ ನಿಂತು ಬರೆದ ನಾಲ್ಕು ಸಾಲು ಇದ್ದಕ್ಕಿದ್ದಂತೆ ಚುರುಕಾಗುವುದನ್ನು ಗಮನಿಸಿ. ಅಲ್ಲಿ ಕೊನೆಯ ಸಾಲು ಏನಾಗಬಹುದೆಂದು ಸಭಿಕರಿಗೆ ಇನ್ನೂ ಬಾಯಿಪಾಠವಾಗಿಲ್ಲ.

ಪತ್ರಿಕೆಗಳ ಪುರವಣಿ ನೋಡುವವರಲ್ಲಿ ಒಂದು ಕೋರಿಕೆ. ಚುಟುಕ ಕಳಿಸಿ ಎಂದು ಪ್ರಕಟಣೆ ಕೊಡುವಾಗ 'ಇಷ್ಟು ಪದ ಮೀರದಂತೆ' ಎಂಬ ಷರತ್ತನ್ನು ದಯವಿಟ್ಟು ತೆಗೆದುಹಾಕಿ. ಪದ ಎಣಿಸುವುದನ್ನು ಕಲಿಸಿ ಕಲಿಸಿ ನಾವು ಬರೆಯುವವರನ್ನು ಗುಮಾಸ್ತರನ್ನಾಗಿ ಮಾಡುತ್ತಿದ್ದೇವೆ. ಬರೆಯುವವರಲ್ಲೂ ಒಂದು ಮಾತು. ಕಳಿಸುವ ಮೊದಲು ಕೊನೆಯ ಸಾಲನ್ನು ಕೈಯಿಂದ ಮುಚ್ಚಿಕೊಂಡು ಮಿಕ್ಕದ್ದನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಮುಂದೇನು ಎಂದು ಕೇಳಿ. ಅವರು ಥಟ್ಟನೆ ಸರಿಯಾಗಿ ಹೇಳಿಬಿಟ್ಟರೆ ಆ ಕಾಗದವನ್ನು ಹರಿದು ಹಾಕಿ ಇನ್ನೊಂದು ಬರೆಯಿರಿ. ತಪ್ಪಾಗಿ ಹೇಳಿ, ನಿಮ್ಮ ಸಾಲು ಕೇಳಿದ ಮೇಲೆ ಅಯ್ಯೋ ಎಂದರೆ, ಅವತ್ತೇ ಅಂಚೆಗೆ ಹಾಕಿ.